ಮಗಳಿಗೊಂದು ಪತ್ರ: ಬ್ಯಾಗಿನೊಳಗಿನ ಫೋನ್

ಪುಟ್ಟೀ,

ನಿನ್ನೆ ರಾತ್ರಿ ಶಾಲೆಗೆ ಫೋನ್ ತಗೊಂಡು ಹೋಗುವ ವಿಷಯಕ್ಕೆ ಜಗಳವಾಗಿ ನೀನು ಬಾಗಿಲು ಹಾಕಿಕೊಂಡ ಮೇಲೆ ತುಂಬಾ ಹೊತ್ತು ಹೊರಗೇ ಕೂತಿದ್ದೆ. ಹೇಳಬೇಕಾದ್ದು ಬಾಯಿಗೆ ಸರಿಯಾಗಿ ಬರಲಿಲ್ಲ, ಸಿಟ್ಟೇ ಮುಂದೆ ಬಂತು. ಅದಕ್ಕೆ ಬರೆಯುತ್ತಿದ್ದೇನೆ. ಒಪ್ಪಿಗೆ ಆಗದಿದ್ದರೆ ಜಗಳ ಆಡು, ಬೇಜಾರಿಲ್ಲ. ಪೂರ್ತಿ ಓದಿದ ಮೇಲೆ ಆಡು, ಅಷ್ಟೇ.

ಮೊದಲು ನನ್ನ ತಪ್ಪು. ಮೊನ್ನೆ ಗಣಿತದ ಪೀರಿಯಡ್‌ನಲ್ಲಿ ನಿನ್ನ ಫೋನ್ ಸದ್ದು ಮಾಡಿತು, ಮೇಡಂ ಅದನ್ನು ತೆಗೆದಿಟ್ಟುಕೊಂಡರು, ಕ್ಲಾಸೆಲ್ಲ ತಿರುಗಿ ನಿನ್ನನ್ನೇ ನೋಡಿತು. ಆ ಮೆಸೇಜ್ ಕಳಿಸಿದ್ದು ನಾನು. "ಊಟ ಆಯ್ತಾ?" ಅಂತ. ಹನ್ನೊಂದೂವರೆಗೆ ಯಾರು ಊಟ ಮಾಡುತ್ತಾರೆ? ಬೆಳಿಗ್ಗೆ ನೀನು ಮುಖ ಸಪ್ಪಗೆ ಮಾಡಿಕೊಂಡು ಹೋಗಿದ್ದೆ. ಅದೇ ತಲೆಯಲ್ಲಿ ಕೊರೆಯುತ್ತಿತ್ತು. ನಿನ್ನಿಂದ ಒಂದು ಉತ್ತರ ಬಂದರೆ ಸಾಕು, ನನ್ನ ಮನಸ್ಸು ಹಗುರಾಗುತ್ತದೆ ಅನ್ನಿಸಿತು. ನೀನು ಮನೆಗೆ ಬಂದು ಏನೂ ಹೇಳಲಿಲ್ಲ. "ಅಮ್ಮನ ಮೆಸೇಜ್" ಅಂತ ಮೇಡಂ ಹತ್ತಿರವೂ ಹೇಳಲಿಲ್ಲವಂತೆ. ನನ್ನನ್ನು ಬಿಟ್ಟುಕೊಡಲಿಲ್ಲ ನೀನು. ಅದು ಗೊತ್ತಾದಾಗ ಕರುಳು ಚುರ್ ಅಂದಿತು. ತಪ್ಪಾಯಿತು ಕಂದಾ.

ಯುನೆಸ್ಕೊ 2023ರಲ್ಲಿ ಶಾಲೆ ಮತ್ತು ತಂತ್ರಜ್ಞಾನದ ಬಗ್ಗೆ ಒಂದು ದೊಡ್ಡ ವರದಿ ತಂದಿತು. ಮಕ್ಕಳ ಗಮನ ಒಮ್ಮೆ ಹೀಗೆ ತಪ್ಪಿದರೆ ಮತ್ತೆ ಪಾಠಕ್ಕೆ ಮನಸ್ಸು ಕೂರಲು 20 ನಿಮಿಷದವರೆಗೂ ಬೇಕಾಗಬಹುದು ಅಂತ ಅದರಲ್ಲಿದೆ. ನಿನ್ನ ಪೀರಿಯಡ್ ಇರುವುದೇ 40 ನಿಮಿಷ. ನಾನು ಕಳಿಸಿದ್ದು ಎರಡು ಪದ.

ಈಗ ನಿನ್ನ ಮಾತಿಗೆ ಬರುತ್ತೇನೆ. "ಫೋನ್ ತಗೊಂಡು ಹೋಗೋಕೆ ಶುರು ಮಾಡಿದ ಮೇಲೆ ನನ್ನ ಮಾರ್ಕ್ಸ್ ಒಂದಾದರೂ ಕಮ್ಮಿ ಆಗಿದ್ಯಾ?" ಅಂತ ಕೇಳಿದೆ. ಆಗಿಲ್ಲ. ನಿನ್ನೆ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕಿ ಓದಿದೆ.

ಇಂಗ್ಲೆಂಡಿನ 4 ನಗರಗಳ 91 ಶಾಲೆಗಳನ್ನು ನೋಡಿ ಮಾಡಿದ ಒಂದು ಅಧ್ಯಯನ 2015ರಲ್ಲಿ ಬಂತು. ಶಾಲೆಯಲ್ಲಿ ಫೋನ್ ನಿಲ್ಲಿಸಿದ ಮೇಲೆ ಹದಿನಾರರ ವಯಸ್ಸಿನ ಮಕ್ಕಳ ಪರೀಕ್ಷೆಯ ಅಂಕ ಏನಾಯಿತು ಅಂತ ಅವರು ಲೆಕ್ಕ ಹಾಕಿದರು. ಚೆನ್ನಾಗಿ ಓದುವ ಮಕ್ಕಳಿಗೆ ಹೆಚ್ಚೂ ಆಗಲಿಲ್ಲ, ಕಮ್ಮಿಯೂ ಆಗಲಿಲ್ಲ. ನೀನು ಹೇಳಿದ್ದು ಸರಿ ಅಂತಾಯಿತು. ಆದರೆ ಓದಿನಲ್ಲಿ ಹಿಂದಿದ್ದ ಮಕ್ಕಳ ಅಂಕ ಏರಿತ್ತು, ಅದೂ ಎಲ್ಲರ ಸರಾಸರಿ ಏರಿಕೆಯ ಸುಮಾರು ಎರಡು ಪಟ್ಟು. ಸ್ವೀಡನ್‌ನಲ್ಲಿ 2020ರಲ್ಲಿ ಇದೇ ಥರ ನೋಡಿದಾಗ ಏನೂ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ಆದರೂ ಆ ಇಂಗ್ಲೆಂಡಿನ ಲೆಕ್ಕ ಓದುವಾಗ ನನ್ನ ಕಣ್ಣ ಮುಂದೆ ಬಂದವಳು ನಿನ್ನ ಪಕ್ಕದಲ್ಲಿ ಕೂರುವ ಹುಡುಗಿ.

ಶನಿವಾರ ಲೆಕ್ಕ ಹೇಳಿಸಿಕೊಳ್ಳಲು ನಮ್ಮ ಮನೆಗೆ ಬರುತ್ತಾಳಲ್ಲ, ಅವಳು. ಒಂದು ಹೆಜ್ಜೆ ತಪ್ಪಿದರೆ ಮೊದಲಿಂದ ಶುರು ಮಾಡಬೇಕು ಅವಳಿಗೆ. ನಿನಗೆ ಹಾಗಲ್ಲ. ಡೆಸ್ಕಿನ ಕೆಳಗೆ ಒಂದು ಸಲ ಸ್ಕ್ರೀನ್ ನೋಡಿ ತಲೆ ಎತ್ತಿದರೂ ಬೋರ್ಡಿನಲ್ಲಿ ಏನಾಗಿದೆ ಅಂತ ಹಿಡಿದುಬಿಡುತ್ತೀಯ. ಆದರೆ ನಿನ್ನ ಸ್ಕ್ರೀನ್ ಬೆಳಗಿದಾಗ ಅವಳ ಕಣ್ಣೂ ಅಲ್ಲಿಗೇ ಹೋಗುತ್ತದೆ. ಹಲವು ದೇಶಗಳಲ್ಲಿ ನಡೆಯುವ ಪೀಸಾ ಅನ್ನುವ ಪರೀಕ್ಷೆಯನ್ನು 2022ರಲ್ಲಿ ಬರೆದ 15 ವರ್ಷದ ಮಕ್ಕಳನ್ನು ಇದನ್ನೇ ಕೇಳಿದ್ದರು. ಓಇಸಿಡಿ ಅನ್ನುವ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಕೂಟದ ದೇಶಗಳಲ್ಲಿ ಸರಾಸರಿ ನೂರರಲ್ಲಿ 59 ಮಕ್ಕಳು, ಕೆಲವು ಗಣಿತದ ಕ್ಲಾಸುಗಳಲ್ಲಾದರೂ ಬೇರೆಯವರ ಫೋನ್, ಟ್ಯಾಬ್, ಲ್ಯಾಪ್‌ಟಾಪ್‌ನಿಂದ ತಮ್ಮ ಗಮನ ಹೋಗುತ್ತದೆ ಅಂದರು. ಬೇರೆಯವರದ್ದರಿಂದ! ಮಾರ್ಕ್ಸ್ ಕಾರ್ಡಿನಲ್ಲಿ ನಿನ್ನದಷ್ಟೇ ಇರುತ್ತದೆ, ಅವಳು ಕಳೆದುಕೊಂಡದ್ದು ಅಲ್ಲಿ ಎಲ್ಲಿ ಕಾಣಬೇಕು?

ಇನ್ನೊಂದು ವಿಷಯ. ಅದನ್ನು ನೀನೇ ನನಗೆ ಹೇಳಿದ್ದು. ಜ್ವರದ ಮಾತ್ರೆ ತಗೊಂಡು ಬಂದಿದ್ದ ಹುಡುಗಿಯೊಬ್ಬಳು ಡೆಸ್ಕಿನ ಮೇಲೆ ತಲೆಯಿಟ್ಟು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಯಾರೋ ಫೋಟೊ ತೆಗೆದರು. ಶಾಲೆ ಬಿಡುವ ಹೊತ್ತಿಗೆ ಅದು ಸ್ಟಿಕ್ಕರ್ ಆಗಿತ್ತು. ರಾತ್ರಿ ಒಂಬತ್ತಕ್ಕೆ ನಿಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಅದನ್ನೇ ಹಾಕುತ್ತಿದ್ದರು. ನೀನು ಹಾಕಲಿಲ್ಲ. "ನಾನೇನೂ ಮಾಡಿಲ್ಲ ಅಮ್ಮ" ಅಂತ ಎರಡು ಸಲ ಹೇಳಿದೆ. ಹೌದು, ಮಾಡಿಲ್ಲ. ಆದರೆ ಆ ಫೋಟೊ ನಿನ್ನ ಫೋನಿನಲ್ಲೂ ಬಂದು ಕೂತಿತ್ತು, ಅಲ್ವಾ? ಅವಳು ನಾಲ್ಕು ದಿನ ಶಾಲೆಗೆ ಬರಲಿಲ್ಲ. ನಮ್ಮ ಕಾಲದಲ್ಲೂ ಆಡಿಕೊಳ್ಳುತ್ತಿದ್ದರು, ನನ್ನನ್ನೂ ಆಡಿಕೊಂಡಿದ್ದಾರೆ. ಮನೆಗೆ ಬಂದರೆ ಅದು ಗೇಟಿನ ಆಚೆ ಉಳಿಯುತ್ತಿತ್ತು. ಆ ಹುಡುಗಿಗೆ ಮನೆಯಲ್ಲೂ ಬಿಡುಗಡೆ ಇರಲಿಲ್ಲ. ಕ್ಲಾಸಿನಲ್ಲಿ ಆ ಹೊತ್ತು ಯಾರ ಹತ್ತಿರವೂ ಕ್ಯಾಮೆರಾ ಇಲ್ಲದಿದ್ದರೆ ಅವಳು ನಿದ್ದೆ ಮಾಡಿ ಎದ್ದು ಮನೆಗೆ ಹೋಗುತ್ತಿದ್ದಳು, ಅಷ್ಟೇ.

"ಏನಾದರೂ ಆದರೆ?" ಈ ಪ್ರಶ್ನೆ ನಿನ್ನದಲ್ಲ, ನನ್ನದು. ಎಲ್ಲ ಅಪ್ಪ ಅಮ್ಮಂದಿರದು. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಲ್ಲಿ ಫೋನ್ ತರಬಾರದು ಅಂತ ಹಲವು ವರ್ಷ ನಿಯಮವಿತ್ತು. 2015ರಲ್ಲಿ ತೆಗೆದರು. ಮಕ್ಕಳ ಜೊತೆ ಸಂಪರ್ಕದಲ್ಲಿರಬೇಕು ಅಂತ ಹೆತ್ತವರು ಕೇಳುತ್ತಿದ್ದದ್ದು ಅದಕ್ಕೆ ದೊಡ್ಡ ಕಾರಣ. ಹತ್ತು ವರ್ಷವಾದ ಮೇಲೆ, 2025ರಲ್ಲಿ, ಇಡೀ ನ್ಯೂಯಾರ್ಕ್ ರಾಜ್ಯದ ಶಾಲೆಗಳಲ್ಲಿ ಬೆಳಗಿನ ಬೆಲ್‌ನಿಂದ ಕೊನೆಯ ಬೆಲ್‌ವರೆಗೆ ಸ್ಮಾರ್ಟ್‌ಫೋನ್ ಬೇಡ ಅಂತ ಕಾನೂನೇ ಬಂತು. ಆ ಹೆತ್ತವರ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನದೂ ಅದೇ. ಆದರೆ ನಿಜವಾಗಿ ಏನಾದರೂ ಆದ ಹೊತ್ತಿನಲ್ಲಿ ನೀನು ಮೇಡಂ ಮಾತು ಕೇಳಬೇಕು, ಅವರು ಹೇಳಿದ ಕಡೆ ಓಡಬೇಕು. ನನ್ನ ಕರೆಗೆ ಉತ್ತರ ಕೊಡುತ್ತಾ ನಿಲ್ಲಬಾರದು. ನನಗೆ ಸುದ್ದಿ ಮುಟ್ಟಿಸಲು ಆಫೀಸಿನ ಫೋನ್ ಇದೆ. ಅದನ್ನು ನಂಬುವುದನ್ನು ನಾನು ಕಲಿಯಬೇಕು.

ಎಲ್ಲರಿಗೂ ಒಂದೇ ನಿಯಮ ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ ಇರುವ ಕೆಲವು ಮಕ್ಕಳ ತೋಳಿನಲ್ಲಿ ಸೆನ್ಸರ್ ಇರುತ್ತದೆ, ರಕ್ತದ ಸಕ್ಕರೆ ಇಳಿದರೆ ಫೋನಿಗೆ ಎಚ್ಚರಿಕೆ ಬರುತ್ತದೆ. ಆ ಫೋನ್ ಅವರಿಗೆ ಔಷಧಿ ಇದ್ದ ಹಾಗೆ. ಅದನ್ನು ಯಾರೂ ಕಿತ್ತುಕೊಳ್ಳಬಾರದು. ಫ್ರಾನ್ಸ್ 2018ರಲ್ಲಿ ಶಾಲೆಗಳಲ್ಲಿ ಫೋನ್ ನಿಷೇಧಿಸಿದಾಗಲೂ ಅಂಗವಿಕಲ ಮಕ್ಕಳಿಗೆ ಬೇಕಾದ ಸಾಧನಗಳಿಗೆ ವಿನಾಯಿತಿ ಇಟ್ಟಿತ್ತು.

ಇನ್ನು ನಮ್ಮ ಮನೆಯ ವಿಷಯ. ಇದು ನನಗೂ ಕಷ್ಟದ್ದೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 30 ಶಾಲೆಗಳಲ್ಲಿ ಮಾಡಿದ ಅಧ್ಯಯನ 2025ರಲ್ಲಿ ಬಂತು. ಫೋನಿಗೆ ಕಟ್ಟುನಿಟ್ಟು ಇರುವ ಶಾಲೆ, ಇಲ್ಲದ ಶಾಲೆ, ಎರಡರ ಮಕ್ಕಳ ಮಾನಸಿಕ ನೆಮ್ಮದಿಯಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಇಡೀ ದಿನದ ಲೆಕ್ಕ ತೆಗೆದರೆ ಫೋನ್ ನೋಡುವ ಹೊತ್ತೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಆದರೆ ಹೊತ್ತು ಜಾಸ್ತಿಯಾದಷ್ಟೂ ನೆಮ್ಮದಿ, ನಿದ್ದೆ ಎರಡೂ ಕೆಡುತ್ತಿದ್ದವು. ಅಂದರೆ ಶಾಲೆಯ ಬಾಗಿಲಲ್ಲಿ ಬಿಟ್ಟ ಫೋನನ್ನು ಸಂಜೆಯಿಂದ ಮಧ್ಯರಾತ್ರಿವರೆಗೆ ಹಿಡಿದುಕೊಂಡರೆ ನಿನ್ನ ಕಣ್ಣಿನ ಕೆಳಗಿನ ಕಪ್ಪು ಹೋಗುವುದಿಲ್ಲ. ನನ್ನದೂ ಹೋಗುವುದಿಲ್ಲ. ನಾನೂ ಹಾಸಿಗೆಯಲ್ಲಿ ಅದನ್ನೇ ನೋಡುತ್ತಾ ಮಲಗುತ್ತೇನೆ, ನೀನು ನೋಡಿದ್ದೀಯ.

ಅದಕ್ಕೆ ಇದು ನನ್ನ ತೀರ್ಮಾನ. ಸೋಮವಾರದಿಂದ ಸ್ಮಾರ್ಟ್‌ಫೋನ್ ಶಾಲೆಗೆ ಹೋಗುವುದಿಲ್ಲ. ಸಂಜೆ ದಾರಿಯಲ್ಲಿ ಬೇಕಾದರೆ ಅಂತ ಹಳೆಯ ಕೀಪ್ಯಾಡ್ ಫೋನಿಗೆ ಚಾರ್ಜ್ ಹಾಕಿ ಇಟ್ಟಿದ್ದೇನೆ. ನನ್ನ ನಂಬರ್, ಅಪ್ಪನ ನಂಬರ್, ಅಜ್ಜಿಯ ನಂಬರ್ ಅದರಲ್ಲಿವೆ. ಗೇಟಿನ ಒಳಗೆ ಅದು ಆಫ್ ಆಗಿರಲಿ. ಶಾಲೆಯ ಹೊತ್ತಿನಲ್ಲಿ ನಾನು ಒಂದೂ ಮೆಸೇಜ್ ಕಳಿಸುವುದಿಲ್ಲ. ನೀನು ಸಪ್ಪಗೆ ಹೋದ ದಿನವೂ ಸಂಜೆಯವರೆಗೆ ಕಾಯುತ್ತೇನೆ. ರಾತ್ರಿ ಹತ್ತಕ್ಕೆ ನಮ್ಮ ಮೂವರ ಫೋನೂ ಅಡುಗೆಮನೆಯ ಶೆಲ್ಫ್ ಮೇಲೆ.

ಸಂಜೆ ನಿನಗೆ ಎಷ್ಟು ಹೊತ್ತು ಬೇಕು, ಯಾವ ಗ್ರೂಪಿನಲ್ಲಿ ಇರಬೇಕು, ಇದನ್ನು ನಾನೊಬ್ಬಳೇ ಹೇಳುವುದಿಲ್ಲ. ನಿನ್ನ ಗೆಳತಿಯರ ಮಾತುಕತೆ ಎಲ್ಲ ಅಲ್ಲೇ ನಡೆಯುತ್ತದೆ ಅಂತ ಗೊತ್ತು. ಅದರಿಂದ ನಿನ್ನನ್ನು ಹೊರಗಿಡುವ ಆಸೆ ನನಗಿಲ್ಲ. ಭಾನುವಾರ ಮೂವರೂ ಕೂತು ಮಾತಾಡೋಣ. ನಿನ್ನ ಲೆಕ್ಕ ನೀನು ಬರೆದುಕೊಂಡು ಬಾ.

ಆ ಹುಡುಗಿ ಈಗ ಶಾಲೆಗೆ ಬರುತ್ತಿದ್ದಾಳಾ? ಊಟಕ್ಕೆ ಯಾರ ಜೊತೆ ಕೂರುತ್ತಾಳೆ? ಸಂಜೆ ಬಂದ ಮೇಲೆ ಹೇಳು.

ನಿನ್ನ
ಅಮ್ಮ