ವಾರಾಂತ್ಯದ ವಿಟ್ಬಿ ನಡಿಗೆ: ಬರುವವರು ಓದಿ

ಗೆಳೆಯರೇ, ಕ್ಯಾಂಪರ್‌ವ್ಯಾನ್ ಶುಕ್ರವಾರ ಸಂಜೆ 6ಕ್ಕೆ ಲೀಡ್ಸ್ ಬಿಟ್ಟು ಇಂಗ್ಲೆಂಡಿನ ಕಡಲೂರು ವಿಟ್ಬಿಗೆ ಹೊರಡುತ್ತದೆ. ಸೀಟ್ ಬೆಲ್ಟ್ ನಾಲ್ಕೇ, ಉಳಿದವರು ಕಾರಲ್ಲಿ ಬನ್ನಿ.

ಶನಿವಾರ ವಿಟ್ಬಿಯಿಂದ ರಾಬಿನ್ ಹುಡ್ಸ್ ಬೇ ಹಳ್ಳಿವರೆಗೆ ಕಡಲಂಚಿನ ದಾರಿ, ಸುಮಾರು 11 ಕಿ.ಮೀ. ವಾಪಸ್ ಬಸ್ಸಲ್ಲಿ. ಏರಿಳಿತ ಜಾಸ್ತಿ, ಮಳೆ ಬಂದರೆ ಜೇಡಿಮಣ್ಣು ಕಾಲಿಗೆ ಮೆತ್ತಿಕೊಂಡು ಜಾರುತ್ತದೆ. ಒಳ್ಳೆ ಹಿಡಿತದ ಬೂಟು ಬೇಕೇ ಬೇಕು. ಮರಳಿಗೆ ಇಳಿಯುವವರು ಉಬ್ಬರವಿಳಿತದ ವೇಳೆ ನೋಡಿಕೊಳ್ಳಿ. ನೀರು ಏರಿದರೆ ಹಿಂದೆ ಕಡಿದಾದ ಗೋಡೆ, ದಾರಿ ಇಲ್ಲ.

ಭಾನುವಾರ ಹೋಲ್ ಆಫ್ ಹಾರ್ಕಮ್ ಎಂಬ ಬಟ್ಟಲಿನಂಥ ದೊಡ್ಡ ಕಣಿವೆಯ ಸುತ್ತು. ಆಗಸ್ಟ್ ಕೊನೆ ಅಲ್ವಾ, ಹೆದರ್ ಹೂವಿಗೆ ಬಯಲೆಲ್ಲ ನೇರಳೆ. ನೆರಳಿಲ್ಲ, ಗಾಳಿ ಮಾತ್ರ ಧಾರಾಳ. ಕುರಿಗಳಿವೆ, ನಾಯಿಗೆ ಹಗ್ಗ ಇರಲಿ.

ರಾತ್ರಿ ಕ್ಯಾಂಪ್‌ಸೈಟಲ್ಲೇ. ಸುಮ್ನೆ ಕಾರ್ ಪಾರ್ಕಲ್ಲಿ ಮಲಗುವ ಯೋಚನೆ ಬೇಡ. ವ್ಯಾನಿನ ಒಲೆ ಚಿಕ್ಕದು: ಅನ್ನ ನಾನು ಮಾಡುತ್ತೇನೆ, ಪುಳಿಯೋಗರೆ ಗೊಜ್ಜು ನೀವು ತನ್ನಿ. ಬುಧವಾರದೊಳಗೆ ಹೆಸರು ಹೇಳಿ.