ಶನಿವಾರ ರಾತ್ರಿ ಟ್ಯಾಂಕಿಗೆ ಕ್ಲೋರಿನ್, ಎಲ್ಲರೂ ಓದಿ

ನಮಸ್ಕಾರ. ಶನಿವಾರ ರಾತ್ರಿ 10ರಿಂದ ನಮ್ಮ ಆಸ್ಪತ್ರೆಯ ಹಳೇ ಬ್ಲಾಕಿನ ಟೆರೇಸ್ ಟ್ಯಾಂಕ್, ಪೈಪ್ ಎಲ್ಲದಕ್ಕೂ ಜಾಸ್ತಿ ಕ್ಲೋರಿನ್ ಬಿಟ್ಟು ತೊಳೆಯುತ್ತೇವೆ. ನೀರು ಚೆನ್ನಾಗೇ ಇದೆಯಲ್ಲ, ಯಾಕೆ ಅಂತ ಇಬ್ಬರು ಕೇಳಿದ್ದೀರಿ. ನಮ್ಮ ಮಂಗಳೂರಿನ ಸೆಕೆಗೆ ಟ್ಯಾಂಕಿನ ನೀರು ಉಗುರುಬೆಚ್ಚಗೆ ಇರುತ್ತದೆ, ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಲು 25ರಿಂದ 45 ಡಿಗ್ರಿ ಸಾಕು, ಪೈಪಿನ ಒಳಗಿನ ಲೋಳೆಯಲ್ಲಿ ಅಡಗಿ ಕೂತು ಶವರ್‌ನ ಸಣ್ಣ ಹನಿಗಳ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ನಮಗೆ ಏನೂ ಆಗದಿರಬಹುದು. ಕಿಡ್ನಿ ಕಸಿ ಆದವರಿಗೆ, ವಯಸ್ಸಾದವರಿಗೆ ಇದರಿಂದ ಬರುವ ನ್ಯುಮೋನಿಯಾ ಜೀವಕ್ಕೇ ಅಪಾಯ.

ಆ ರಾತ್ರಿ ನಲ್ಲಿ ನೀರು ಕುಡಿಯಬೇಡಿ, ಕ್ಯಾನ್ ಇಡಿಸುತ್ತೇವೆ. ಡಯಾಲಿಸಿಸ್‌ನವರು ದಯವಿಟ್ಟು ಗಮನಿಸಿ: ಕ್ಲೋರಿನ್ ಉಳಿದ ನೀರು ಮೆಷಿನ್‌ಗೆ ಹೋದರೆ ರೋಗಿಯ ಕೆಂಪು ರಕ್ತಕಣಗಳು ಒಡೆಯುತ್ತವೆ, ಹಾಗಾಗಿ ಬೆಳಗ್ಗೆ ನೀರು ಟೆಸ್ಟ್ ಮಾಡಿ ನಾನೇ ಬಂದು ಹೇಳುವ ತನಕ ಶುರು ಮಾಡಬೇಡಿ. ಬ್ಲೀಚಿಂಗ್ ಜೊತೆ ಟಾಯ್ಲೆಟ್ ಆಸಿಡ್ ಸೇರಿಸಲೇಬೇಡಿ ಮಾರಾಯ್ರೆ, ವಿಷದ ಗ್ಯಾಸ್ ಬರುತ್ತದೆ.

ಇನ್ನೊಂದು. ಬೀಗ ಹಾಕಿದ ರೂಮಿನ ಪೈಪಲ್ಲಿ ನೀರು ಸುಮ್ನೆ ನಿಂತಿರುತ್ತದೆ, ನಾವು ಎಷ್ಟು ಕ್ಲೋರಿನ್ ಹಾಕಿದರೂ ಅಲ್ಲಿಗೆ ತಲುಪುವುದಿಲ್ಲ, ಅಲ್ವಾ? ಯಾವ ರೂಮು ಖಾಲಿ ಇದೆ ಅಂತ ವಾರ್ಡಿನವರು ಶುಕ್ರವಾರದ ಒಳಗೆ ಇಲ್ಲೇ ಹಾಕಿ, ಆ ನಲ್ಲಿಗಳನ್ನೂ ತೆರೆದು ನೀರು ಹರಿಯಬಿಡಬೇಕು.