‘ಕ್ರೈಸ್ತ ದೇಶ’ ಅಂದರೆ ಯಾವ ಕ್ರೈಸ್ತರದ್ದು?

ಮಾನ್ಯರೇ,

ಅಮೆರಿಕ ಹುಟ್ಟಿದ್ದೇ ಕ್ರೈಸ್ತ ದೇಶವಾಗಿ, ಅವರ ನೋಟಿನ ಮೇಲೂ ದೇವರ ಹೆಸರಿದೆ ಎಂದು ಕಳೆದ ವಾರ ಓದುಗರೊಬ್ಬರು ಬರೆದಿದ್ದರು. ದೇವರನ್ನು ನಂಬಿದ್ದೇವೆ ಎಂಬ ಆ ಸಾಲು ದೇಶದ ಧ್ಯೇಯವಾಕ್ಯ ಆಗಿದ್ದು 1956ರಲ್ಲಿ, ರಷ್ಯಾ ಜೊತೆ ಜಿದ್ದು ಜೋರಾಗಿದ್ದಾಗ. ಸರ್ಕಾರ ಯಾವ ಧರ್ಮವನ್ನೂ ತನ್ನದು ಮಾಡಿಕೊಳ್ಳಬಾರದು ಎಂಬ ಮಾತು ಅವರ ಸಂವಿಧಾನಕ್ಕೆ ಸೇರಿದ್ದು 1791ರಲ್ಲೇ. ಅದಿರಲಿ, ನಾನು ಹೇಳಬೇಕಿರುವುದು ಬೇರೆ.

ನಾನೂ ಕ್ರೈಸ್ತನೇ. ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಅಟ್ಲಾಂಟಾ ಹತ್ತಿರ ಐದು ತಿಂಗಳು ಇದ್ದೆವು. ಅವಳ ಮನೆಯ ರಸ್ತೆಯಲ್ಲಿ ಪ್ರಾಟೆಸ್ಟಂಟರ ಒಂದು ಪಂಗಡವಾದ ಬ್ಯಾಪ್ಟಿಸ್ಟರ ಎರಡು ಚರ್ಚುಗಳು. ಹತ್ತು ನಿಮಿಷದ ನಡಿಗೆ ಅಷ್ಟೇ. ಒಂದರಲ್ಲಿ ಹೆಚ್ಚುಕಡಿಮೆ ಎಲ್ಲ ಬಿಳಿಯರು, ಇನ್ನೊಂದರಲ್ಲಿ ಎಲ್ಲ ಕಪ್ಪು ಜನ. ಚರ್ಚಿಗೆ ಹೋಗುವ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಯಷ್ಟು ಬಿಳಿ-ಕಪ್ಪು ಭೇದ ಅಮೆರಿಕದಲ್ಲಿ ಬೇರೆ ಹೊತ್ತಿನಲ್ಲಿ ಕಾಣುವುದು ಕಷ್ಟ ಎಂಬರ್ಥದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೇಳಿದ್ದರಲ್ಲ, ಅದನ್ನು ಕಣ್ಣಾರೆ ಕಂಡೆ.

ಬಿಳಿಯರ ಚರ್ಚಿನವರು ಕೆಟ್ಟವರಲ್ಲ. ಕಾಫಿ ಕೊಟ್ಟರು, ಮೊಮ್ಮಗುವಿಗೆ ಸ್ವೆಟರ್ ಹೆಣೆದು ತಂದರು. ಪ್ರಸಂಗಪೀಠದ ಪಕ್ಕ ರಾಷ್ಟ್ರಧ್ವಜ ನಿಲ್ಲಿಸಿದ್ದರು. ‘ನಮ್ಮ ದೇಶ ಮತ್ತೆ ಕ್ರೈಸ್ತರ ಕೈಗೆ ಬರಬೇಕು’ ಅಂತ ಒಬ್ಬ ಹಿರಿಯರು ನನಗೆ ಹೇಳಿದರು. ಅಲ್ಲೇ ರಸ್ತೆಯ ಆ ತುದಿಯಲ್ಲಿ ಮೂರು ಗಂಟೆ ಹಾಡಿ ಪ್ರಾರ್ಥಿಸುವವರು ಕ್ರೈಸ್ತರಲ್ವಾ? ಕೇಳಲಿಲ್ಲ, ಮಗಳ ನೆರೆಹೊರೆ ಅಂತ ಸುಮ್ಮನಾದೆ.

ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲೇ, ಅಗಸ್ಟಾ ಊರಿನಲ್ಲಿ, 1845ರಲ್ಲಿ ಸದರ್ನ್ (ದಕ್ಷಿಣದ) ಬ್ಯಾಪ್ಟಿಸ್ಟರು ಉತ್ತರದವರಿಂದ ಬೇರೆಯಾದರು. ಜಗಳ ಬೈಬಲ್ಲಿನ ವಾಕ್ಯಕ್ಕಲ್ಲ, ಗುಲಾಮರನ್ನು ಇಟ್ಟುಕೊಂಡವನು ಮಿಷನರಿ ಆಗಬಹುದೇ ಎಂಬುದಕ್ಕೆ. ಆಗಬಹುದು ಅಂದವರು ಇವರು. ತಪ್ಪಾಯಿತು ಎಂದು ಕ್ಷಮೆ ಕೇಳಲು 1995 ಬರಬೇಕಾಯಿತು. ಅಳಿಯ ಪಿಕ್‌ನಿಕ್‌ಗೆ ಕರೆದೊಯ್ದ ಸ್ಟೋನ್ ಮೌಂಟನ್ ಬೆಟ್ಟದ ಮೇಲೆ 1915ರಲ್ಲಿ ಶಿಲುಬೆಗೆ ಬೆಂಕಿ ಹಚ್ಚಿ ಬಿಳಿಯರೇ ಮೇಲು ಎನ್ನುವ ಹಿಂಸೆಯ ಗುಂಪು ಕು ಕ್ಲಕ್ಸ್ ಕ್ಲಾನ್‌ಗೆ ಮರುಹುಟ್ಟು ಕೊಟ್ಟರು. ಮುಂದೆ ನಿಂತವನು ಹಿಂದೆ ಮೆಥಡಿಸ್ಟ್ ಬೋಧಕನಾಗಿದ್ದವನು. ನಾವು ಅಲ್ಲಿ ಚಿತ್ರಾನ್ನ ತಿಂದು ಬಂದೆವು. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದ ಗುಂಪಿನಲ್ಲೂ ಯೇಸುವಿನ ಹೆಸರಿನ ಬಾವುಟ, ಗುಲಾಮಗಿರಿಗಾಗಿ ಯುದ್ಧ ಮಾಡಿದವರ ಬಾವುಟ ಎರಡೂ ಇದ್ದವು. ಹಾಗಾಗಿ ‘ಕ್ರೈಸ್ತ ದೇಶ’ ಎಂಬ ಮಾತು ಕೇಳಿದಾಗೆಲ್ಲ ನನಗೆ ಅದರೊಳಗೆ ಬಣ್ಣದ ಮಾತೇ ಜಾಸ್ತಿ ಕೇಳಿಸುತ್ತದೆ.

ಹೊರಗಿನವರ ಹುಳುಕು ಎತ್ತಿ ಆಡುವುದು ಸುಲಭ. ನಮ್ಮ ತಾತ ಮಂಡ್ಯ ಕಡೆಯ ಹಳ್ಳಿಯವರು. ಕ್ರೈಸ್ತರಾದರು, ಕೇರಿ ಬದಲಾಗಲಿಲ್ಲ. ಚರ್ಚಿನಲ್ಲೂ ಕಡೇ ಸಾಲಿನ ಚಾಪೆಯೇ ಸಿಕ್ಕಿತಂತೆ.

1959ರಲ್ಲಿ ಕಿಂಗ್ ಭಾರತಕ್ಕೆ ಬಂದಿದ್ದಾಗ ತಿರುವನಂತಪುರದ ಶಾಲೆಯೊಂದರಲ್ಲಿ ‘ಅಮೆರಿಕದಿಂದ ಬಂದ ನಿಮ್ಮಂಥ ಅಸ್ಪೃಶ್ಯರು’ ಎಂದು ಮಕ್ಕಳಿಗೆ ಅವರ ಪರಿಚಯ ಮಾಡಿಸಿದರಂತೆ. ಮೊದಲು ಚುರುಕ್ಕೆಂದಿತು, ಆಮೇಲೆ ಹೌದಲ್ಲ ಅನ್ನಿಸಿತು ಎಂದು 1965ರಲ್ಲಿ ಅಟ್ಲಾಂಟಾದ ಎಬೆನೆಜರ್ ಚರ್ಚಿನಲ್ಲಿ ಅವರೇ ಹೇಳಿಕೊಂಡರು. ಆ ಚರ್ಚಿಗೂ ಹೋಗಿದ್ದೆ. ಇಡೀ ಬೆಂಚುಗಳು ಖಾಲಿ ಇದ್ದವು. ನಾನು ಹೋಗಿ ಕೂತಿದ್ದು ಕಡೇ ಸಾಲಿನಲ್ಲಿ.

– ನಿವೃತ್ತ ಅಂಚೆ ನೌಕರ, ಬನ್ನಿಮಂಟಪ, ಮೈಸೂರು